ತಳದ ಶಿಲುಬೆ

ನಾನು ಬರೆದ ಸಭಾಚರಿತ್ರೆಯ ನಾಲ್ಕನೇ ಪುಟವನ್ನು ಯಾರಾದರೂ ತೆರೆದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ನಮ್ಮೂರ ಮೆಥೋಡಿಸ್ಟ್ ಸಭೆಗೆ ನೂರು ವರ್ಷ ತುಂಬಿತ್ತು. ನನ್ನ ಅಜ್ಜ ಅದರ ಮೊದಲ ಹಿರಿಯ. ಆ ಹೆಮ್ಮೆಯಿಂದಲೇ ಚರಿತ್ರೆ ಬರೆಯಲು ಒಪ್ಪಿದ್ದೆ. ಚರ್ಚಿನ ಹಳೆಯ ಪೆಟ್ಟಿಗೆಯಲ್ಲಿ ಪ್ರಭು ಭೋಜನದಲ್ಲಿ ಸಭೆಯವರು ದ್ರಾಕ್ಷಾರಸ ಕುಡಿಯುತ್ತಿದ್ದ ಎರಡು ಹಿತ್ತಾಳೆ ಬಟ್ಟಲು ಸಿಕ್ಕವು. ಒಂದರ ತಳದಲ್ಲಿ ಮೊಳೆಯಿಂದ ಗೀಚಿದ ಶಿಲುಬೆಯಿತ್ತು. ‘ಸಭೆ ಕಟ್ಟಿದ ಮಿಷನರಿ ದೊರೆಯ ಸ್ವಂತ ಬಟ್ಟಲು’ ಎಂದು ಬರೆದುಬಿಟ್ಟೆ.

ಶತಮಾನದ ಹಬ್ಬದ ದಿನ ಆ ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಮಲ್ಲಿಗೆ ಸುತ್ತಿ ಮೇಜಿನ ಮೇಲಿಟ್ಟೆವು. ಅದರಲ್ಲಿ ಮೊದಲು ಕುಡಿಯಲು ಸಭೆಗೇ ಹಿರಿಯಳಾದ ಕೆಳಗಿನ ಓಣಿಯ ಸುವಾರ್ತಮ್ಮನನ್ನು ಕರೆದೆ. ರಸ ಸುರಿಯುವ ಮೊದಲೇ ಆಕೆ ಖಾಲಿ ಬಟ್ಟಲನ್ನು ಮಗುಚಿ, ತಳವನ್ನು ಬೆರಳಿನಿಂದ ಸವರಿದಳು.

“ಗುರುತು ಹತ್ತಿತೇನು ಆಯಿ?”

“ಹತ್ತಲಾರದೇನು ಮಾಸ್ತರ? ಸಣ್ಣಾಕಿ ಇದ್ದಾಗ ಇದರಾಗೇ ಕುಡದೀನಿ.”

“ದೊರಿ ಬಟ್ಟಲದಾಗ? ಪುಣ್ಯ ಮಾಡೀದಿ ಬಿಡು!”

“ದೊರೀದಲ್ಲೋ ತಮ್ಮಾ. ನಮ್ಮ ಓಣಿ ಮಂದಿ ಕುಡಿಯೋ ಬಟ್ಟಲಾ ನಿಮ್ಮ ಬಟ್ಟಲದ ಕೂಡ ಅದಲುಬದಲು ಆಗಬಾರದಂತ, ಈ ಗುರುತು ನಿಮ್ಮ ಅಜ್ಜನೇ ಗೀಚಿದ್ದ.”