ಬಿಡಿಸದ ಹಾಳೆ

ತೂಕದವನು ಹಸ್ತಪ್ರತಿಯ ಕಟ್ಟನ್ನು ಸಂಪಾದಕಿಯ ಮೇಜಿನ ಮೇಲೆ ಕುಕ್ಕಿದ. ಲೋಟದೊಳಗಿನ ಚಹಾ ತುಳುಕಿತು.

"ಇದನ್ನ ಓದಿದ್ದೀರಾ?"

"ಓದಿದ್ದೀನಿ," ಅಂದಳು ಆಕೆ, ಕನ್ನಡಕ ತೆಗೆಯದೆ. "ಓದಿದ್ದಕ್ಕೇ ವಾಪಸ್ ಕಳಿಸಿದ್ದು. ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಈ ಸುಳ್ಳನ್ನು ಎದುರಿಗೆ ನಿಂತು ಕೇಳಬೇಕೆಂದೇ ರಜೆ ಹಾಕಿ ಬಂದಿದ್ದ.

ಅವನ ಕೆಲಸ ಲಾರಿ ತೂಗುವುದು. ತುಂಬಿದ ಲಾರಿ ಬಂದು ನಿಲ್ಲುತ್ತದೆ, ಖಾಲಿಯಾಗಿ ಮರಳುತ್ತದೆ. ಎರಡರ ನಡುವೆ ಸಿಕ್ಕಷ್ಟು ಹೊತ್ತು ಗಾಜಿನ ಗೂಡಿನಲ್ಲಿ ಕೂತು ಕಾದಂಬರಿ ಬರೆಯುತ್ತಾನೆ. ವಾಕ್ಯ ಮುಗಿಯುವಷ್ಟರಲ್ಲಿ ಹಾರನ್.

"ಏನ್ ತೂಕದ ಸಾಹೇಬ್ರೇ, ನಿಮ್ಮ ನಾಯಕಿ ಇನ್ನೂ ಬದುಕಿದಾಳಾ?"

"ನಿನ್ನ ಲಾರಿ ಕೆಳಗೆ ಬಿದ್ದು ಸತ್ಲು. ತಗೋ ಚೀಟಿ."

ಹೀಗೇ ಮೂರು ಕಾದಂಬರಿ ಬರೆದ. ಮೂರನ್ನೂ ಇದೇ ಪ್ರಕಾಶಕರಿಗೆ ಕಳಿಸಿದ. ಮೂರೂ ಹೋದ ದಾರಿಯಲ್ಲೇ ಮರಳಿದವು.

ಮೊದಲನೆಯದಕ್ಕೇ ಅವನೊಂದು ಉಪಾಯ ಹೂಡಿದ್ದ. ಕಳಿಸುವ ಮುನ್ನ ಗೂಡಿನಲ್ಲಿ, ಯಾರಿಗೂ ಹೇಳದೆ, ಚೀಟಿ ಅಂಟಿಸುವ ಹಳದಿ ಗೋಂದಿನ ಒಂದು ಹನಿಯಿಂದ ನಟ್ಟನಡುವಿನ ಎರಡು ಹಾಳೆಗಳನ್ನು ಸೇರಿಸಿಬಿಟ್ಟಿದ್ದ. ಓದುವವರು ಅದನ್ನು ಬಿಡಿಸಲೇಬೇಕು. ಮರಳಿ ಬಂದಾಗ ಹಾಳೆಗಳು ಅಂಟಿಕೊಂಡೇ ಇದ್ದವು. ಎರಡನೆಯ ಸಲವೂ ಅಷ್ಟೇ. ಮೂರನೆಯದು ನಿನ್ನೆ ಬಂತು. ಬೆರಳು ನೇರವಾಗಿ ನಡುವಿಗೇ ಹೋಯಿತು. ಅಲ್ಲಿಗೇ ನಿಂತಿತು. ಬಿಡಿಸಿ ನೋಡಲು ಇನ್ನೇನಿದೆ? ದೇವರ ಮುಂದಿಟ್ಟ ಹಣ್ಣನ್ನಾದರೂ ಕೊನೆಗೆ ಯಾರೋ ಒಬ್ಬರು ತಿನ್ನುತ್ತಾರೆ. ಇವನ ಮಾತನ್ನು ಇರುವೆಯೂ ಮುಟ್ಟಿರಲಿಲ್ಲ.

ಪ್ರತಿ ಸಲದ ಹಾಗೆ ಕಟ್ಟನ್ನು ಕೈಗಿಟ್ಟವಳು ಅಕ್ಕ. ಅವಳು ಪುಸ್ತಕ ಕಟ್ಟುವವಳು. ಮನೆಯ ಮುಂಗೋಣೆಯೇ ಅವಳ ಕಾರ್ಖಾನೆ. ಮೈದಾ ಕುದಿಸಿ ಅಂಟು ಮಾಡುತ್ತಾಳೆ, ಹುಳ ಹತ್ತದಿರಲೆಂದು ಅದಕ್ಕೆ ಮೈಲುತುತ್ತ ಬೆರೆಸುತ್ತಾಳೆ. ಆ ತಿಳಿನೀಲಿ ಅವಳ ಉಗುರುಸಂದಿಯಿಂದ ಹೋದದ್ದೇ ಇಲ್ಲ. ತಾಯಿ ತೀರಿಕೊಂಡ ಮೇಲೆ ಇವನನ್ನು ಸಾಕಿದ ಕೈ ಅದು. ನಾಲಿಗೆ ಮಾತ್ರ ದಬ್ಬಳ.

"ಮೂರನೇ ಮಗಳೂ ಗಂಡನ ಮನೆಯಿಂದ ವಾಪಸ್ ಬಂದ್ಲಪ್ಪ," ಅಂದಿದ್ದಳು. "ದಾರ ನಾನೇ ಬಿಚ್ಚಿದೆ, ಹೊಲಿಗೆಗೆ ಬೇಕಿತ್ತು. ಒಂದು ಹಾಳೆಯ ಮೂಲೆನೂ ಮಡಚಿಲ್ಲ ಪುಣ್ಯಾತ್ಮರು. ಓದೇ ಇಲ್ಲ ಬಿಡು."

"ಕಣ್ಣಿದ್ದೂ ಕುರುಡರು." ಅವನು ಹಲ್ಲು ಕಡಿದ.

"ಬೈಯಿ. ಬೈಕೊಂಡೇ ಇನ್ನೊಂದು ಬರಿ. ಅಪ್ಪನ್ನ ನೋಡಿದ್ಯಲ್ಲ. ಹಾಡು ಕಟ್ಕೊಂಡು ನಾಟಕ ಕಂಪನಿಯವರ ಹತ್ರ ಹೋದ. ಅವರು ಕೊನೇವರೆಗೂ ಕೂತು ಕೇಳಿ, ಚೆನ್ನಾಗಿಲ್ಲ ಅಂದ್ರು. ಆಮೇಲೆ ಅವನ ಬಾಯಲ್ಲಿ ಒಂದು ಗುನುಗೂ ಹುಟ್ಟಲಿಲ್ಲ. ಕೇಳದೇ ಓಡಿಸಿದ್ರೆ ಶಾಪ ಹಾಕ್ಕೊಂಡಾದ್ರೂ ಹಾಡ್ತಿದ್ದ."

ಸಿಟ್ಟು ಒಳ್ಳೆಯ ಸೌದೆ, ನಿಜ. ಮೊದಲನೆಯದು ಮರಳಿದ ವಾರವೇ ಎರಡನೆಯದು ಹೊತ್ತಿಕೊಂಡಿತ್ತು. ಆದರೆ ಈ ಸಲ ಬೆಂಕಿ ಒಲೆ ದಾಟಿತ್ತು.

"ಓದಿದ್ರೆ ಇದೇನು?" ಅವನು ಕಟ್ಟನ್ನು ನಡುವೆ ತೆರೆದು ಸಂಪಾದಕಿಯ ಮೂಗಿನ ಮುಂದೆ ಹಿಡಿದ. "ನೀವು ಓದ್ತೀರೋ ಇಲ್ಲವೋ ಅಂತ ನಾನೇ ಅಂಟಿಸಿದ್ದು. ಮೂರು ಸಲ. ಮೂರು ಸಲವೂ ಹಾಗೇ ಬಂದಿದೆ. ಹೊಟ್ಟೆಗೆ ಏನ್ ತಿಂತೀರಿ ನೀವು?"

ಆಕೆ ಆ ಅಂಚಿನ ಮೇಲೆ ಬೆರಳಾಡಿಸಿದಳು. ಹುಬ್ಬು ಗಂಟಿಕ್ಕಿತು. "ಇದನ್ನ ಬಿಡಿಸಿದ್ದೆನಲ್ಲ ನಾನು."

"ಸುಳ್ಳಿಗೂ ಒಂದು ಮಿತಿ ಇರಬೇಕು ಮೇಡಂ."

"ದೋಣಿಯವನು ಹೆಂಡತಿಯನ್ನ ಮಣ್ಣು ಮಾಡಿ ಬರ್ತಾನೆ. ಅವಳು ಮಾಡಿಟ್ಟು ಹೋದ ಅಡುಗೇನ ಬಿಸಿ ಮಾಡ್ಕೊಂಡು ಉಣ್ಣೋಕೆ ಕೂರ್ತಾನೆ. ಉಪ್ಪು ಕಮ್ಮಿ ಅಂತ ಅವಳನ್ನ ಬೈತಾನೆ. ಆದ್ರೆ ಉಪ್ಪು ಹಾಕ್ಕೊಳ್ಳಲ್ಲ." ಆಕೆ ಈಗ ಕನ್ನಡಕ ತೆಗೆದಳು. "ಈ ಎರಡು ಹಾಳೆ ಒಳಗಿರೋದು ಅದೇ ತಾನೆ? ನೀವು ಬರೆದದ್ದರಲ್ಲಿ ಉಸಿರಾಡೋ ಜಾಗ ಅದೊಂದೇ. ಮಿಕ್ಕಿದ್ದೆಲ್ಲ ಬರೀ ಕೂಗಾಟ. ಗೋಂದು ಕೀಳೋವಾಗ ಅಂಚು ಸ್ವಲ್ಪ ಹರೀತು, ಅದು ನನ್ನ ತಪ್ಪು. ಮೂರು ಸಲವೂ ನಾನೇ ಬಿಡಿಸಿದ್ದೀನಿ."

ಅವನು ಮೇಜಿನ ಮೇಲಿದ್ದ ಕಾಗದದ ಚಾಕು ಎತ್ತಿಕೊಂಡು ಅಂಟನ್ನು ಸೀಳಿದ. ಒಳಗೆ ನೋಡಿದ. ಚಾಕುವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ತಪ್ಪಾಯ್ತು ಮೇಡಂ," ಅಂದ. ಕಟ್ಟನ್ನು ಚೀಲಕ್ಕೆ ಹಾಕಿಕೊಂಡ.

"ಇನ್ನೂ ಬರೀತೀರಾ?"

ಅವನು ಮೆಟ್ಟಿಲಿಳಿದ.

ಮನೆಯಲ್ಲಿ ಅಕ್ಕ ಅಂಟು ಕುದಿಸುತ್ತಿದ್ದಳು. ಅವನು ಹೊಸಿಲು ದಾಟುತ್ತಲೇ ಸೌಟು ನಿಂತಿತು.

"ಹೋಗಿದ್ದೆಯಂತೆ ಅಲ್ಲಿಗೆ. ಏನಂದ್ರು? ಓದಿದ್ರಂತಾ?"

ಅವನು ಚೀಲವನ್ನು ಗೂಟಕ್ಕೆ ತೂಗುಹಾಕಿದ. ಅವಳ ಮುಖ ನೋಡಲಿಲ್ಲ.

"ಇಲ್ಲಕ್ಕ. ಮುಟ್ಟೇ ಇಲ್ಲ ಕಳ್ಳರು."

"ನಾನು ಹೇಳಲಿಲ್ವಾ." ಸೌಟು ಮತ್ತೆ ತಿರುಗತೊಡಗಿತು. "ಹಾಳಾಗಿ ಹೋಗ್ಲಿ. ಕೈಕಾಲು ತೊಳ್ಕೊಂಡು ಬಂದು ಇನ್ನೊಂದು ಶುರು ಮಾಡು."

ಅವನು ಹೊಸ ಹಾಳೆ ಎಳೆದುಕೊಂಡು ಕೂತ. ಕೂಗಾಟವಿಲ್ಲದ ಒಂದು ವಾಕ್ಯಕ್ಕಾಗಿ ತಡಕಾಡಿದ.

ಗೂಟದ ಚೀಲದೊಳಗೆ, ಸೀಳಿದ ಆ ಎರಡು ಹಾಳೆಗಳ ನಡುವೆ, ಹರಿದ ಅಂಚಿಗೊಂದು ತೆಳುಕಾಗದದ ತೇಪೆಯಿತ್ತು; ಅವನ ಹಳದಿ ಗೋಂದನ್ನು ನಾಜೂಕಾಗಿ ಕೆರೆದು ತೆಗೆದ ಜಾಗದಲ್ಲಿ, ತಿಳಿನೀಲಿ ಅಂಟು.