ಒಂದೇ ತರಂಗ, ಎರಡು ಸಂಘ

"ಉಳಿದ ಹೆಸರುಗಳನ್ನು ಇನ್ನು ಕೆಥೊಲಿಕ್ ಪ್ರಸಾರ ಸಂಘದವರು ಓದುತ್ತಾರೆ" ಎಂದು ರೇಡಿಯೊದವನು ಹೇಳಿ ಮುಗಿಸುವ ಮೊದಲೇ ಮರೀನುಸ್ ಎದ್ದು ಅದನ್ನು ಆರಿಸಿಬಿಟ್ಟ.

ಯಾಕೊಮಿನಾಳಿಗೆ ತಾನು ಕಂಡದ್ದನ್ನು ನಂಬಲಾಗಲಿಲ್ಲ. ಕಟ್ಟೆ ಒಡೆದು ಸಮುದ್ರ ಊರುಗಳಿಗೆ ನುಗ್ಗಿದಾಗಿನಿಂದ ಆಚೆ ದ್ವೀಪದಲ್ಲಿರುವ ಮಗಳು ನೆಲ್ಲಾಳ ಸುದ್ದಿಯೇ ಇರಲಿಲ್ಲ. ಬದುಕುಳಿದವರ ಹೆಸರುಗಳನ್ನು ಊರೂರಾಗಿ ಓದುತ್ತಿದ್ದರು. ಮುಂದಿನದು ನೆಲ್ಲಾಳ ಊರು.

"ರೀ, ಹಾಕಿ ಅದನ್ನ."

"ನಮ್ಮ ಸಂಘದ ಹೊತ್ತು ಮುಗೀತು."

"ಮಗಳ ಹೆಸರು ಬರೋ ಹೊತ್ತು ಕಣ್ರೀ ಇದು."

"ಪೋಪನ ಮಂದಿ ಮಾತು ಈ ಮನೇಲಿ ಯಾವತ್ತೂ ಕೇಳಿಲ್ಲ. ಇವತ್ತೂ ಕೇಳಲ್ಲ."

ಸರ್ಕಾರ ಒಂದೇ ರೇಡಿಯೊ ತರಂಗವನ್ನು ಕೆಥೊಲಿಕರ ಸಂಘಕ್ಕೂ ಪ್ರೊಟೆಸ್ಟೆಂಟರ ಸಂಘಕ್ಕೂ ಹೊತ್ತು ಹಂಚಿ ಕೊಟ್ಟಂದಿನಿಂದ ಇವರಂಥ ಪ್ರೊಟೆಸ್ಟೆಂಟರ ಮನೆಗಳಲ್ಲಿ ಇದೇ ರೂಢಿ. ನಮ್ಮವರ ಕೀರ್ತನೆ ಮುಗಿಯಿತೋ, ರೇಡಿಯೊ ಬಂದ್. ಮರೀನುಸನಂತೂ ತಮ್ಮ ಸಂಘ ಹುಟ್ಟಿದಾಗ ಸೈಕಲ್ ತುಳಿದು ಮನೆಮನೆಯಿಂದ ಸದಸ್ಯರನ್ನು ಸೇರಿಸಿದವನು. ಯುದ್ಧದಲ್ಲಿ ಜರ್ಮನ್ನರು ಸಂಘವನ್ನೇ ಮುಚ್ಚಿಸಿ ರೇಡಿಯೊಗಳನ್ನು ಕಸಿದುಕೊಂಡಾಗ ಈ ರೇಡಿಯೊವನ್ನು ಹುಲ್ಲಿನಡಿ ಬಚ್ಚಿಟ್ಟು ಉಳಿಸಿದವನು. ಅಂದು ಹುಲ್ಲು ಹೊದಿಸಿದವಳು ನೆಲ್ಲಾ. ಅದೇ ನೆಲ್ಲಾ ಕೆಥೊಲಿಕ್ ಹುಡುಗನನ್ನು ಮದುವೆಯಾದ ಮೇಲೆ ಅವಳ ಹೆಸರೆತ್ತುವುದೂ ಬಂದ್ ಆಯಿತು.

ಯಾಕೊಮಿನಾ ರೇಡಿಯೊದ ಗುಂಡಿಗೆ ಕೈ ಹಾಕಿದಳು. ಅವನು ಗುಂಡಿಯನ್ನೇ ಕಿತ್ತು ಜೇಬಿಗೆ ಇಳಿಸಿದ. ಅವಳ ಮೈಯೆಲ್ಲ ಉರಿದುಹೋಯಿತು.

"ಸಮುದ್ರ 'ನಿಮ್ಮದು ಯಾವ ಸಂಘ' ಅಂತ ಕೇಳ್ಕೊಂಡು ಒಳಗೆ ಬಂತೇನ್ರೀ?"

"ಬಾಯಿ ಮುಚ್ಚು."

"ಇಷ್ಟು ವರ್ಷ ಮುಚ್ಕೊಂಡಿದ್ದೇ ತಪ್ಪಾಯ್ತು."

ಮರದ ಜೋಡು ಮೆಟ್ಟಿ ಹೊರಟೇಬಿಟ್ಟಳು. ಪಕ್ಕದ ಮನೆ ಕೆಥೊಲಿಕ್ ಲೂಸಿಯಾಳದು. ಎರಡು ಮನೆಗೂ ಗೋಡೆ ಒಂದೇ ಆದರೂ ಇವಳು ಆ ಹೊಸ್ತಿಲು ದಾಟಿದವಳಲ್ಲ. ಲೂಸಿಯಾ ಏನೂ ಕೇಳದೆ ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಅಕ್ಕ. ನಿಮ್ಮ ಹುಡುಗಿ ಊರಿಂದೇ ಓದ್ತಿದಾರೆ."

ಗೋಡೆಯ ಮೇಲಿನ ಮಾತೆ ಮೇರಿಯ ಪಟದ ಕೆಳಗೆ ಯಾಕೊಮಿನಾ ಮುಷ್ಟಿ ಬಿಗಿದು ಕೂತಳು. ಯಾರ್ಯಾರದೋ ಹೆಸರು ಬಂತು, ಹೋಯಿತು. ಆಮೇಲೆ ಮಗಳ ಪೂರ್ತಿ ಹೆಸರು: "ಪೀಟರ್ನೆಲ್ಲಾ ಕೂಲೆನ್, ಗಂಡ, ಎಳೆಮಗು. ಮೂವರೂ ಕ್ಷೇಮ."

ಲೂಸಿಯಾಳ ಮಡಿಲಲ್ಲಿ ಮುಖ ಹುದುಗಿಸಿ ಅವಳು ಗೊಳೋ ಎಂದು ಅತ್ತಳು. ನೆಲ್ಲಾಳಿಗೆ ಮಗುವಾಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಕಣ್ಣೊರೆಸಿಕೊಂಡು ಎದ್ದಾಗ ಅಳು ನಿಂತಿತ್ತು, ಸಿಟ್ಟು ಮಾತ್ರ ಹಾಗೇ ಇತ್ತು.

ಮರೀನುಸ್ ತಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಏನಂದ್ರು?"

ಅವಳು ಅವನನ್ನು ದಾಟಿ ಹೋಗಿ ಒಲೆಗೆ ಕಲ್ಲಿದ್ದಲು ಹಾಕಿದಳು.

"ಹೇಳೇ. ಇದ್ದಾಳಾ?"

"ನಾಳೆ ಬೆಳಿಗ್ಗೆ ನಮ್ಮ ಸಂಘದ ಸರದಿ ಬರುತ್ತಲ್ಲ," ಅಂದಳು ಯಾಕೊಮಿನಾ, ತಿರುಗಿಯೂ ನೋಡದೆ. "ಅವರು ಹೇಳ್ತಾರೆ. ಅಲ್ಲೀವರೆಗೂ ಕಾಯ್ತಾ ಕೂತಿರಿ."