ಗಂಟೆ ಬಾವಿ

ಲಿಖಿತಾ ಮತ್ತೆ ಗೇಟು ತೆಗೆಯುವುದನ್ನು ಕಂಡು ಬೈರಣ್ಣನ ಎದೆ ಧಸಕ್ಕೆಂದಿತು. ಒಂದೇ ಪ್ರಶ್ನೆ ಕೇಳಲು ಮೂರನೇ ಸಲ ಬರುತ್ತಿದ್ದಾಳೆಂದರೆ, ತನ್ನ ಸುಳ್ಳು ಅವಳಿಗೆ ಗೊತ್ತಾಗಿದೆ ಎಂದೇ ಅರ್ಥ.

ಯಡಿಯೂರಿನಲ್ಲಿ ಬೈರಣ್ಣನ ಮಾತೆಂದರೆ ಶಾಸನ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳಿವೆ. ಯಾವ ಅಪಾರ್ಟ್‌ಮೆಂಟಿನ ಅಡಿಯಲ್ಲಿ ಯಾರ ಹೊಲವಿತ್ತು ಎಂದು ಕೆರೆಯ ಸುತ್ತ ವಾಕಿಂಗ್ ಬರುವವರಿಗೆಲ್ಲ ಹೇಳುವವನು ಅವನೇ. ‘ಬೈರಣ್ಣನಿಗೆ ಗೊತ್ತಿಲ್ಲದ್ದು ಯಡಿಯೂರಿನಲ್ಲಿ ನಡೆದೇ ಇಲ್ಲ’ ಎಂಬ ಮಾತನ್ನು ಮೊದಲು ಯಾರು ಆಡಿದರೋ ತಿಳಿಯದು. ಬೈರಣ್ಣನೇ ಆಡಿರಬೇಕೆಂದು ಹೆಂಡತಿ ಮರಿಯಮ್ಮನ ಗುಮಾನಿ.

ಹಾಗಿರುವಾಗ, ಹಿಂದಿನ ಕ್ರಾಸಿನ ಲಿಖಿತಾ ‘ನಮ್ಮ ಕ್ರಾಸ್’ ಎಂಬ ಆ್ಯಪ್ ಮಾಡಿದಳು. ಬಡಾವಣೆಯ ನಕ್ಷೆ ಅದು. ಯಾರು ಬೇಕಾದರೂ ಯಾವುದಾದರೂ ಜಾಗಕ್ಕೆ ಕೆಂಪು ಪಿನ್ನು ಚುಚ್ಚಿ ಅಲ್ಲಿಯ ಹಳೆಯ ಕಥೆ ಬರೆಯಬಹುದು. ಮರಿಯಮ್ಮ ಮೊಬೈಲಿನಲ್ಲಿ ತೆರೆದು ನೋಡಿದಾಗ ಎಲ್ಲಕ್ಕಿಂತ ಮೊದಲ ಪಿನ್ನು ಪಾರ್ಕಿನ ಮೂಲೆಯಲ್ಲಿತ್ತು. ಬರೆದವರ ಹೆಸರಿರಲಿಲ್ಲ. ‘ಇಲ್ಲಿ ಗಂಟೆ ಬಾವಿ ಇತ್ತು. ಬೇಗೂರಿನ ದೇವಸ್ಥಾನಕ್ಕೆ ಹೊರಟಿದ್ದ ಗಂಟೆ ಗಾಡಿಯಿಂದ ಉರುಳಿ ಇದರೊಳಗೆ ಬಿತ್ತು. ಜೋರು ಗಾಳಿ ಬೀಸಿದರೆ ಒಳಗಿಂದ ಢಣ್ ಎನ್ನುತ್ತಿತ್ತು.’

ಬೈರಣ್ಣ ಇಂಥ ಬಾವಿಯ ಸುದ್ದಿಯನ್ನೇ ಕೇಳಿರಲಿಲ್ಲ. ಆದರೆ ಸಂಜೆ ವಾಕಿಂಗ್ ಗುಂಪಿನವರು ವಿಚಾರಿಸಿದಾಗ ‘ಗೊತ್ತಿಲ್ಲ’ ಎಂಬ ಮೂರಕ್ಷರ ಗಂಟಲಲ್ಲೇ ಕೂತುಬಿಟ್ಟಿತು.

“ನೋಡ್ದೆ ಏನು? ಅದ್ರ ನೀರು ಕುಡ್ದೇ ಬೆಳ್ದೋನು ನಾನು!” ಎಂದುಬಿಟ್ಟ.

ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು. ಲಿಖಿತಾ ಮೊದಲ ಸಲ ಬಂದು ಕೇಳಿದಾಗ ಬಾವಿಗೆ ಮೆಟ್ಟಿಲು ಬಂದವು. ಎರಡನೇ ಸಲ ರಾಟೆ ಬಂತು. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು, ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ. ಅನುಮಾನ ಬಂದಿದೆ ಎಂದು ಬೈರಣ್ಣ ಆಗಲೇ ಅಂದುಕೊಂಡ.

ಎದುರುಮನೆಯ ಲಕ್ಷ್ಮಿದೇವಮ್ಮ ಗಂಟೆ ಬೆಳ್ಳಿಯದು ಎಂದರು. ಬೈರಣ್ಣ ಕಂಚಿನದೆಂದು ಜಗಳಕ್ಕೆ ನಿಂತ. ಮನೆಗೆ ಬಂದ ಮೇಲೆ ಯೋಚನೆ ಹತ್ತಿತು. ಅಷ್ಟು ಖಚಿತವಾಗಿ ಹೇಳುತ್ತಾರೆಂದರೆ ಆಯಮ್ಮ ಕಣ್ಣಾರೆ ಕಂಡಿರಲೇಬೇಕು. ಊರಿಗೆಲ್ಲ ಗೊತ್ತಿದ್ದ ಬಾವಿ ತನಗೊಬ್ಬನಿಗೇ ಗೊತ್ತಿಲ್ಲ.

ನಾಳೆ ಪಾರ್ಕಿನಲ್ಲಿ ಬಡಾವಣೆಯ ಸಂಘದವರು ಗಂಟೆ ಬಾವಿಯ ಕಲ್ಲುಫಲಕ ಇಡುತ್ತಾರೆ. ಪರದೆ ಸರಿಸುವವನು ಬೈರಣ್ಣ. ಕಲ್ಲಿನ ಮೇಲೆ ಹೆಸರೂ ಕೆತ್ತಿಯಾಗಿದೆ. ಅಷ್ಟು ಜನರ ಮುಂದೆ ಈ ಹುಡುಗಿ ಬಾಯಿಬಿಟ್ಟರೆ ಕೆರೆ ದಂಡೆಯಲ್ಲಿ ಮತ್ತೆ ಮುಖ ತೋರಿಸುವುದು ಹೇಗೆ?

ಲಿಖಿತಾ ಕುರ್ಚಿಯ ತುದಿಯಲ್ಲಿ ಕೂತಳು. ಮರಿಯಮ್ಮ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

“ಬೇಜಾರ್ ಮಾಡ್ಕೋಬೇಡಿ ಅಂಕಲ್. ಆ ಬಾವಿ ನೀವು ನಿಜವಾಗ್ಲೂ ನೋಡಿದ್ರಾ?”

“ಯಾಕಮ್ಮ, ನನ್ ಮಾತಿನ ಮೇಲೆ ನಂಬಿಕೆ ಇಲ್ವಾ?”

“ಎಲ್ರೂ ನಂಬ್ತಾರಲ್ಲ ಅಂಕಲ್, ಅದೇ ಪ್ರಾಬ್ಲಂ. ಇಡೀ ಬಡಾವಣೆ ಸುತ್ತಿ ಬಂದೆ. ಎಲ್ರೂ ನೋಡಿದ್ದಾರೆ.”

ಅವಳ ದನಿ ನಡುಗುತ್ತಿತ್ತು. ಬೈರಣ್ಣನಿಗೆ ಆ ‘ಎಲ್ರೂ’ ನೇರವಾಗಿ ಚುಚ್ಚಿತು. ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಮರಿಯಮ್ಮ, “ಹೇಳ್ಬಿಡಿ ಅತ್ಲಾಗೆ. ನಿಮ್ ಮುಖ ನೋಡಕ್ಕಾಗ್ತಿಲ್ಲ” ಎಂದಳು.

“ನೋಡಿಲ್ಲ ಕಣಮ್ಮ,” ಎಂದ ಬೈರಣ್ಣ. “ಬಾವೀನೂ ನೋಡಿಲ್ಲ, ಗಂಟೆ ಸದ್ದೂ ಕೇಳಿಲ್ಲ. ಹುಟ್ಟಿ ಬೆಳ್ದಿದ್ದು ಇಲ್ಲೇ. ಆದ್ರೂ ನಂಗೆ ಗೊತ್ತಿಲ್ಲ. ಆ ಕಲ್ಲಿಂದ ನನ್ ಹೆಸ್ರು ತೆಗ್ಸಿಬಿಡು.” ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

ಲಿಖಿತಾ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

“ಸದ್ಯ! ನಾಳೆ ಇದನ್ನೇ ಎಲ್ರ ಮುಂದೆ ಹೇಳ್ತೀರಾ ಅಂಕಲ್?”

“ಏನಂತ? ನಂಗೆ ಗೊತ್ತಿಲ್ಲ ಅಂತಾನಾ?”

“ಹೂಂ. ನಿಮಗ್ ಗೊತ್ತಿಲ್ಲದ್ದು ಯಡಿಯೂರಲ್ಲಿ ನಡೆದೇ ಇಲ್ವಲ್ಲ! ನಾನ್ ಹೇಳಿದ್ರೆ ಯಾರೂ ನಂಬ್ತಿಲ್ಲ. ಲಕ್ಷ್ಮಿದೇವಮ್ಮನವ್ರಂತೂ, ಮೊನ್ನೆ ಮೊನ್ನೆ ಬಂದೋಳು ನಿಂಗೇನ್ ಗೊತ್ತು ಅಂತ ಬೈದು ಕಳ್ಸಿದ್ರು.” ಅವಳು ಕಣ್ಣೊರೆಸಿಕೊಂಡು ನಕ್ಕಳು.

“ಪಿನ್ನು ಕೂರುತ್ತೋ ಇಲ್ವೋ ಅಂತ ಟೆಸ್ಟ್ ಮಾಡೋಕೆ, ಆ ಬಾವಿ ಕಥೇನ ಬಾಯಿಗ್ ಬಂದಂಗೆ ಟೈಪ್ ಮಾಡಿದ್ದು ನಾನೇ ಅಂಕಲ್.”